ಚಟ್ಟದ ಓಣಿಯೂ ನನ್ನ ತಂಗಿಯ ಮದುವೆಯೂ

ಮಕ್ಕಳಿಗೆ ಪುಸ್ತಕ ಶಿಫಾರಸು ಮಾಡುವುದು ಪುಣ್ಯದ ಕೆಲಸ. ಇದರಲ್ಲಿ ಯಾರಿಗೂ ಅನುಮಾನ ಇರಲಾರದು. ನನಗಂತೂ ಇರಲಿಲ್ಲ. ಆ ಪುಣ್ಯದ ಭರದಲ್ಲಿ ಸ್ವಂತ ತಂಗಿಯ ಮದುವೆಗೆ ಬೆಂಕಿ ಇಡಲು ಹೊರಟವನು ಮಾತ್ರ ಇಡೀ ಹೈದರಾಬಾದಿನಲ್ಲಿ ನಾನೊಬ್ಬನೇ ಇರಬೇಕು!

ಮೊದಲು ನನ್ನ ಪಾಂಡಿತ್ಯದ ಬಗ್ಗೆ ಎರಡು ಮಾತು. ನಾನು ಓದಿದ್ದು ಏಳನೇ ತರಗತಿಯವರೆಗೆ. ಅಲ್ಲಿ ನನಗೂ ಗಣಿತಕ್ಕೂ ತೀವ್ರ ಭಿನ್ನಾಭಿಪ್ರಾಯ ಬಂದು, ನಾನೇ ದೊಡ್ಡ ಮನಸ್ಸು ಮಾಡಿ ಶಾಲೆಯನ್ನು ಗಣಿತಕ್ಕೆ ಬಿಟ್ಟುಕೊಟ್ಟೆ. ನಾನು ಬಿಟ್ಟ ಗಣಿತವನ್ನೆಲ್ಲ ನನ್ನ ತಂಗಿ ಶೋಭಾ ಎತ್ತಿಕೊಂಡು ಹೋಗಿ ಇಂಜಿನಿಯರ್ ಆದಳು. ಅವಳಿಗೆ ಮಾದಾಪುರದಲ್ಲಿ ಕೆಲಸ ಸಿಕ್ಕಿತು. ನನಗೂ ಮಾದಾಪುರದಲ್ಲೇ ಸಿಕ್ಕಿತು. ಅವಳು ಗಾಜಿನ ಕಟ್ಟಡದ ಒಳಗೆ, ನಾನು ಹೊರಗೆ, ಕ್ಯಾಬಿನಲ್ಲಿ.

ಬಂಡೆ ಒಡೆದ ಜಾಗದಲ್ಲೆಲ್ಲ ಕಂಪನಿ ಏಳುತ್ತಿದ್ದ ಕಾಲ ಅದು. ಇಂಜಿನಿಯರುಗಳನ್ನು ಆಫೀಸಿಗೆ ಮುಟ್ಟಿಸಿದ ಮೇಲೆ ಅವರು ಮತ್ತೆ ಹೊರಗೆ ಬರುವ ತನಕ ನಮ್ಮ ಕೆಲಸ ಕಾಯುವುದು. ಉಳಿದ ಡ್ರೈವರುಗಳು ಸೀಟು ಹಿಂದಕ್ಕೆ ಮಾಡಿ ಗೊರಕೆ ಹೊಡೆಯುತ್ತಿದ್ದರು. ನಾನು ಓದುತ್ತಿದ್ದೆ. ‘ಅಬ್ಬಾ, ಡ್ರೈವರ್ ಓದುತ್ತಾನೆ’ ಎಂದು ಜನ ತಲೆದೂಗುತ್ತಿದ್ದರು. ಏನು ಓದುತ್ತಾನೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳದೆ ಹೇಳುವ ದುರಭ್ಯಾಸ ನನಗಿಲ್ಲ.

ಓದುತ್ತಿದ್ದುದು ಮಕ್ಕಳ ಪುಸ್ತಕ. ಅಕ್ಷರ ದಪ್ಪ, ವಾಕ್ಯ ಗಿಡ್ಡ, ನಡುನಡುವೆ ಚಿತ್ರ. ವಿದ್ವಾಂಸನಿಗೆ ಇನ್ನೇನು ಬೇಕು?

ಹೀಗೆ ರಾಯಚೂರು ಬಸ್ ನಿಲ್ದಾಣದ ಅಂಗಡಿಯಲ್ಲಿ ನನ್ನ ಕೈಗೆ ಬಿದ್ದದ್ದು ‘ಚಟ್ಟದ ಓಣಿ’ ಎಂಬ ಸರಣಿ. ಅದರ ನಾಯಕಿ ಚಿಮಣಿ ಎಂಬ ಪುಟ್ಟ ಹುಡುಗಿ. ಅವಳ ಮನೆಯವರದು ಚಟ್ಟ ಕಟ್ಟುವ ಕಸುಬು. ಆದರೆ ಆ ಊರಿನ ಹವಾಮಾನ ಬಹಳ ಒಳ್ಳೆಯದು. ಯಾರೂ ಸಾಯುವುದೇ ಇಲ್ಲ. ಅದೇ ಅವರ ಕಷ್ಟ! ಪ್ರತಿ ಪುಸ್ತಕದಲ್ಲೂ ಚಿಮಣಿಯ ಮನೆಗೆ ಒಬ್ಬ ದೊಡ್ಡ ಮನುಷ್ಯ ಬರುತ್ತಾನೆ. ಜಿಪುಣ ಮಾವ, ಜಂಬದ ಸೋದರತ್ತೆ, ಬೆತ್ತದ ಮಾಸ್ತರು. ಚಿಮಣಿ ಅವರಿಗೆ ನೀರು ಕೊಡುತ್ತಾಳೆ, ಕ್ಷೇಮ ವಿಚಾರಿಸುತ್ತಾಳೆ, ಆಮೇಲೆ ಬಹಳ ಮರ್ಯಾದೆಯಿಂದ ಒಂದು ಹಗ್ಗ ಹಿಡಿದು ಅವರ ಉದ್ದ ಅಳೆಯುತ್ತಾಳೆ. ಯಾಕಮ್ಮಾ ಎಂದರೆ, “ಬೇಕಾಗಬಹುದು” ಎನ್ನುತ್ತಾಳೆ. ಬೇಕಾಗುತ್ತದೆ! ಅವರವರ ದುರ್ಗುಣವೇ ಅವರನ್ನು ಮುಗಿಸುತ್ತದೆ. ಹಪ್ಪಳ ಯಾರಿಗೂ ಕೊಡಬಾರದೆಂದು ಎಲ್ಲವನ್ನೂ ಒಮ್ಮೆಲೇ ಬಾಯಿಗೆ ತುಂಬಿಕೊಂಡ ಮಾವ ಹೋದದ್ದು ಹೇಗೆ ಎಂಬುದನ್ನು ಓದಿ ನಾನು ಸ್ಟೇರಿಂಗಿನ ಮೇಲೆ ಬಿದ್ದು ನಕ್ಕೆ. ಹಾರ್ನ್ ಹೊಡೆದುಕೊಂಡಿತು. ಮಲಗಿದ್ದ ಡ್ರೈವರುಗಳೆಲ್ಲ ಎದ್ದು ಗಾಡಿ ಸ್ಟಾರ್ಟ್ ಮಾಡಿದರು!

ಈ ಪುಸ್ತಕಗಳನ್ನು ಓದುವ ವಯಸ್ಸಿನ ಯಾವ ಮಗುವಿಗಾದರೂ ನಾನು ಇಂದಿಗೂ ಎದೆ ತಟ್ಟಿ ಶಿಫಾರಸು ಮಾಡುತ್ತೇನೆ. ದೊಡ್ಡವರು ಬಾಗಿಲು ಮುಚ್ಚಿಕೊಂಡು ಪಿಸುಗುಟ್ಟುವ ಸಾವನ್ನು ಅಂಗಳಕ್ಕೆ ಎಳೆದು ತಂದು, ಅದರ ಮೂಗು ಹಿಂಡಿ ನಗುವ ಪುಸ್ತಕ ಸುಲಭಕ್ಕೆ ಸಿಗುವುದಿಲ್ಲ. ಪುಸ್ತಕ ನಿರಪರಾಧಿ. ಅಪರಾಧಿ ನಾನು. ಹೇಗೆಂದು ಹೇಳುತ್ತೇನೆ.

ಶೋಭಾಳ ಆಫೀಸಿನಲ್ಲಿ ಪ್ರವೀಣ ಎಂಬ ಹುಡುಗ. ಒಬ್ಬರನ್ನೊಬ್ಬರು ಮೆಚ್ಚಿದ್ದರು. ಅವನ ತಂದೆ ವಿರೂಪಾಕ್ಷಪ್ಪನವರು ಹೈದರಾಬಾದಿನಲ್ಲೇ ಬೇರುಬಿಟ್ಟ ನಮ್ಮ ಕಡೆಯ ದೊಡ್ಡ ವ್ಯಾಪಾರಿ. ಕೊಂಡಾಪುರದಲ್ಲಿ ದೊಡ್ಡ ಮನೆ, ತುಂಬಿದ ಸಂಸಾರ. ಅವರು ಹೂಂ ಎಂದರೆ ಮದುವೆ, ಉಹೂಂ ಎಂದರೆ ಇಲ್ಲ. ತಂದೆ ಇಲ್ಲದ ನಮ್ಮ ಮನೆಯ ಪರವಾಗಿ ಮಾತಾಡಬೇಕಾದ ಹಿರಿಯ ನಾನು. ಹೆಂಡತಿಯನ್ನೂ ಶೋಭಾಳನ್ನೂ ಕರೆದುಕೊಂಡು ಅವರ ಮನೆಗೆ ಹೊರಟೆ. ದಾರಿಯಲ್ಲಿ ಶೋಭಾ ಒಂದೇ ಮಾತು ಹೇಳಿದಳು:

“ಅಣ್ಣಾ, ಇದ್ದಿದ್ದು ಇದ್ದಂಗ ಮಾತಾಡು. ದೊಡ್ಡಸ್ತಿಕಿ ಬ್ಯಾಡ.”

“ನನಗ ಹೇಳತೀಯೇನವ್ವಾ?” ಎಂದೆ.

ವಿರೂಪಾಕ್ಷಪ್ಪನವರು ಚಹಾ ಕೊಡಿಸಿ ಕೇಳಿದರು: “ನೀವೇನ್ ಮಾಡ್ಕೊಂಡಿದ್ದೀರಿ?”

“ಟ್ರಾನ್ಸ್‌ಪೋರ್ಟ್‌ನಾಗ ಅದೀನ್ರಿ,” ಎಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜಾಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಶೋಭಾ ನೆಲ ನೋಡಿದಳು.

ಅಷ್ಟರಲ್ಲಿ ಅವರ ಮೊಮ್ಮಗಳು, ಪ್ರವೀಣನ ಅಣ್ಣನ ಮಗಳು ಚಿನ್ಮಯಿ, ಓಡಿ ಬಂದಳು. “ತಾತಯ್ಯಾ, ಟೀವೀ ಪೆಟ್ಟು!” ಎಂದು ತೆಲುಗಿನಲ್ಲಿ ಟೀವಿ ಹಾಕಲು ಹಟ ಹಿಡಿದಳು.

“ನೋಡ್ರಿ ಇದು ನಮ್ಮ ಹಣೇಬರಾ,” ವಿರೂಪಾಕ್ಷಪ್ಪನವರು ಹಣೆ ಚಚ್ಚಿಕೊಂಡರು. “ಸಾಲ್ಯಾಗ ಇಂಗ್ಲಿಷ್, ಓಣ್ಯಾಗ ತೆಲುಗು, ಟೀವ್ಯಾಗ ಹಿಂದಿ. ಮನ್ಯಾಗ ನಾವು ಮಾತಾಡಿದ್ದು ಮಾತಾಡತೈತಿ ಖರೆ. ಆದ್ರ ಕನ್ನಡ ಪುಸ್ತಕ ತೆರಿ ಅಂದ್ರ ಹೊಟ್ಟಿ ನೋವು ಬರತೈತಿ. ಮಾಸ್ತರ್‌ನ ಇಟ್ಟೆ. ಓಡಿಹೋದ. ಇನ್ನೊಬ್ಬನ್ನ ಇಟ್ಟೆ. ಅವನೂ ತೆಲುಗು ಕಲ್ತು ಹೋದ! ನಾ ಸಾಯೂದ್ರಾಗ ಈ ಹುಡುಗಿ ಒಂದು ಪುಟ ಕನ್ನಡ ಓದಿದ್ದು ಕೇಳಬೇಕ್ರಿ.”

ಆ ಗಳಿಗೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

“ಅದನ್ನ ನನಗ ಬಿಡ್ರಿ,” ಎಂದೆ. “ಪುಸ್ತಕ ಅಂದ್ರ ನನ್ನ ಜೀವ. ಇಡೀ ದಿನ ಓದೂದ ನನ್ನ ಕೆಲಸ. ನಾ ಹೇಳಿದ ಪುಸ್ತಕ ಹಿಡದ್ರ ಯಾವ ಕೂಸೂ ಕೆಳಗ ಇಡಂಗಿಲ್ಲ.”

ವಿರೂಪಾಕ್ಷಪ್ಪನವರ ಕಣ್ಣು ಅರಳಿತು. “ಹೌದಾ! ಓದಿದ ಮನಿತನ ಅಂತ ಆತು. ಏನಿರತೈತ್ರಿ ಅದರಾಗ?”

ನಾನು ಗಂಟಲು ಸರಿಮಾಡಿಕೊಂಡೆ. “ಹಿರಿಯರ ಬಗ್ಗೆ ಭಾಳ ಕಾಳಜಿ ಐತ್ರಿ. ಮನಿಗೆ ಬಂದ ಹಿರಿಯರನ್ನ ಮರ್ಯಾದಿಲೆ ಹೆಂಗ ಕಳಿಸಿಕೊಡಬೇಕು ಅನ್ನೋದು ಪ್ರತಿ ಪುಸ್ತಕದಾಗೂ ಬರತೈತಿ.”

“ಛಲೋ! ಭಾಳ ಛಲೋ!”

ಸುಳ್ಳು ಒಂದೂ ಇರಲಿಲ್ಲ. ಅದೇ ನನ್ನ ಹೆಮ್ಮೆ.

ಮರುದಿನವೇ ಪುಸ್ತಕಗಳನ್ನು ಒಯ್ದು ಕೊಟ್ಟೆ. ಚಿನ್ಮಯಿ ಅವುಗಳನ್ನು ಹಾಗಲಕಾಯಿ ನೋಡುವಂತೆ ನೋಡಿದಳು. ನಾನು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: “ಇದರಾಗ ದೊಡ್ಡೋರು ಸಾಯ್ತಾರ.”

“ನಿಜ್ಜಾ?”

“ಎಲ್ಲಾರೂ.”

“ಮಾಸ್ತರ್?”

“ಅವನ ಸಲುವಾಗಿ ಒಂದು ಪೂರಾ ಪುಸ್ತಕ ಐತಿ.”

ಚಿನ್ಮಯಿ ಎದ್ದು ಹೋಗಿ ಟೀವಿ ಆರಿಸಿದಳು.

ಆಮೇಲೆ ನಡೆದದ್ದು ಪವಾಡ! ನನ್ನ ಮೊಬೈಲಿಗೆ ದಿನವೂ ಕರೆ. “ಅಂಕಲ್, ಬಿದಿರು ಅಂದ್ರೇನು? ಅಂಕಲ್, ಮಡಿಕಿ ಯಾಕ ಒಡೀತಾರ?” ನಾನು ಸಿಗ್ನಲ್ಲಿನಲ್ಲಿ ನಿಂತು ಪಾಠ ಹೇಳುತ್ತಿದ್ದೆ. ಹಿಂದೆ ಕುಳಿತ ಇಂಜಿನಿಯರುಗಳು ಗಾಬರಿಯಾಗಿ ಕಿಟಕಿಯ ಕಡೆಗೆ ಸರಿಯುತ್ತಿದ್ದರು.

ಒಂದು ದಿನ ವಿರೂಪಾಕ್ಷಪ್ಪನವರೇ ಫೋನ್ ಮಾಡಿದರು. ದನಿ ತುಂಬಿ ಬಂದಿತ್ತು. “ನಾಗಣ್ಣಾರ, ಏನ್ ಮಾಯಾ ಮಾಡೀರಿ? ಹುಡುಗಿ ಪುಸ್ತಕ ಹಿಡ್ಕೊಂಡು ಬಾಗಲಾ ಹಾಕ್ಕೋತಾಳ. ನನ್ನ ಕಂಡ್ರ ಎಷ್ಟ್ ಪ್ರೀತಿ ಅಂತೀರಿ! ನೆಗಡಿ ಬಂದಿತ್ತು, ಬಾಜೂಕ ಕುಂತು ಕೈ ಹಿಡ್ಕೊಂಡಿದ್ಲು. ದಿನಾ ಮುಂಜಾನೆ ಎದ್ದು ‘ಅಜ್ಜಾ, ಇವತ್ತು ಹೆಂಗನಸತೈತಿ’ ಅಂತ ಕೇಳ್ತಾಳ.”

ಜಂಬದ ಸೋದರತ್ತೆಯ ಪುಸ್ತಕದಲ್ಲಿ ಚಿಮಣಿ ದಿನಾ ಮುಂಜಾನೆ ಕೇಳುವುದು ಅದನ್ನೇ!

“ಮತ್ತ ಕೇಳ್ರಿ,” ಅವರು ಮುಂದುವರಿಸಿದರು. “ನನಗ ಅರವತ್ತು ತುಂಬತಾವ. ಮನ್ಯಾಗ ಶಾಂತಿ ಇಟ್ಕೊಂಡೀವಿ. ನಮ್ಮ ಬಳಗ ಎಲ್ಲಾ ಬರತೈತಿ. ನೀವೂ ಬರ್ರಿ. ಊಟ ಆದ ಮ್ಯಾಲ ಹುಡುಗ ಹುಡುಗೀದು ಮಾತು ಮುಗಿಸಿಬಿಡೋಣು.”

ಗಿರಿಜಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಆಯುಷ್ಯ ಹೆಚ್ಚಾಗ್ಲಿ ಅಂತ ಮಾಡೋ ಪೂಜಾ ಅದು. ಆ ಮನಿಗೆ ಚಟ್ಟದ ಪುಸ್ತಕ ಕೊಟ್ಟು ಕುಂತೀರಿ. ಹೋಗಿ ವಾಪಸ್ ತಗೊಂಬರ್ರಿ!”

“ಒಮ್ಮೆ ಕೊಟ್ಟ ಸಾಹಿತ್ಯ ವಾಪಸ್ ತಗೊಳ್ಳಾಕ ಬರಂಗಿಲ್ಲ.”

“ನಿಮ್ಮ ತಂಗಿ ವಾಪಸ್ ಬರ್ತಾಳ, ನೋಡ್ಕೋರಿ,” ಎಂದು ರೊಟ್ಟಿಗೆ ನಾಲ್ಕು ಏಟು ಹೆಚ್ಚಿಗೆ ಹಾಕಿದಳು. ಆ ಏಟುಗಳು ಯಾರಿಗೆ ಸೇರಬೇಕಾದವು ಎಂಬುದು ನನಗೆ ಗೊತ್ತಿತ್ತು.

ಶಾಂತಿಯ ದಿನ ಮನೆ ತುಂಬ ಜನ. ಪಡಸಾಲೆಯಲ್ಲಿ ಹೋಮ, ಸಾಲು ದೀಪ, ಕಳಶ. ವಿರೂಪಾಕ್ಷಪ್ಪನವರೂ ಅವರ ಪತ್ನಿ ಗಂಗಮ್ಮನವರೂ ಮದುಮಕ್ಕಳಂತೆ ಹಾರ ಹಾಕಿಕೊಂಡು ನಿಂತಿದ್ದರು. ಶೋಭಾ ಹಸಿರು ಸೀರೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದಳು. ಎಲ್ಲರೂ ಅವಳನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಗಿರಿಜಾಳ ಕೈಯಲ್ಲಿ ಆಯೇರಿಯ ತಟ್ಟೆ. ಇಂಥ ಕಾರ್ಯದಲ್ಲಿ ನೆಂಟರು ಕೊಡುವ ಉಡುಗೊರೆಗೆ ನಮ್ಮ ಕಡೆ ಆಯೇರಿ ಎನ್ನುತ್ತೇವೆ. ಗಂಡಸರಿಗೆ ಧೋತರ, ಶಲ್ಯ. ಎಲ್ಲವೂ ಪದ್ಧತಿಯ ಪ್ರಕಾರ ಇತ್ತು. ನಾನು ನಿಟ್ಟುಸಿರು ಬಿಟ್ಟೆ.

ಆಗ ಚಿನ್ಮಯಿ ಬಂದಳು. ಅವಳ ಹಿಂದೆ ಬಳಗದ ಮಕ್ಕಳ ಇಡೀ ದಂಡು! ಕೈಯಲ್ಲಿ ಗಂಗಮ್ಮನವರ ಹೊಲಿಗೆ ಮಷಿನ್ನಿನ ಅಳತೆ ಟೇಪು! ಒಬ್ಬ ಪೋರ ಕುರ್ಚಿ ಹತ್ತಿ ಟೇಪಿನ ಒಂದು ತುದಿಯನ್ನು ವಿರೂಪಾಕ್ಷಪ್ಪನವರ ನೆತ್ತಿಯ ಮೇಲೆ ಇಟ್ಟ. ಚಿನ್ಮಯಿ ಇನ್ನೊಂದು ತುದಿಯನ್ನು ಹಿಮ್ಮಡಿಗೆ ಎಳೆದಳು.

“ಏನವ್ವಾ ಇದು?” ವಿರೂಪಾಕ್ಷಪ್ಪನವರು ನಗುತ್ತ ಕೇಳಿದರು.

ಚಿನ್ಮಯಿ ಬಾಯಿ ತೆರೆದಳು. ನಾನು ಹೋಮಕುಂಡ ದಾಟಿ ಜಿಗಿದೆ.

“ಆಯೇರಿಗೆ ಅಳತಿ ರೀ!”

ವಿರೂಪಾಕ್ಷಪ್ಪನವರ ತಮ್ಮ ಶಿವಪ್ಪ ಹುಬ್ಬೇರಿಸಿದರು. ಅವರದು ಬಟ್ಟೆ ಅಂಗಡಿ. “ಆಯೇರಿ ಅಂದ್ರ ಧೋತರ. ಧೋತರಕ್ಕ ಯಾವಾಂವ ಅಳತಿ ತಗೋತಾನ್ರಿ?”

“ಧೋತರ ಅಲ್ರೀ. ಸೂಟು!”

ಈ ಮಾತು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಗಿರಿಜಾ ಧೋತರದ ತಟ್ಟೆಯನ್ನು ಮೆಲ್ಲಗೆ ಸೋಫಾದ ಹಿಂದಕ್ಕೆ ತಳ್ಳಿದಳು. ಅವಳು ನನ್ನನ್ನು ನೋಡಿದ ನೋಟಕ್ಕೆ ಹೋಮದ ಬೆಂಕಿ ತಣ್ಣಗೆ ಕಂಡಿತು.

ವಿರೂಪಾಕ್ಷಪ್ಪನವರು ಕರಗಿಹೋದರು. “ಸೂಟ! ನನಗ! ಅರವತ್ತು ವರ್ಷದಾಗ ಯಾರಿಗೂ ಹೊಳೀಲಿಲ್ಲ ನೋಡ್ರಿ. ಶಿವಪ್ಪ, ನಿನಗ ಬಟ್ಟಿ ಅಂಗಡಿ ಇದ್ದೂ ಹೊಳೀಲಿಲ್ಲ!” ಎಂದು ಎರಡೂ ಕೈ ಚಾಚಿ ನಿಂತರು. “ತಗೋವ್ವಾ, ಎದಿ ಅಳತಿ ತಗೋ. ತೋಳು ತಗೋ.”

“ಬ್ಯಾಡಜ್ಜಾ,” ಎಂದಳು ಚಿನ್ಮಯಿ. “ಉದ್ದ ಒಂದಾದ್ರ ಸಾಕು.”

“ಬರೇ ಉದ್ದದಾಗ ಸೂಟ್ ಹೆಂಗ ಆಕ್ಕೈತಿ?”

“ಸೂಟ್ ಅಲ್ಲ ಅಜ್ಜಾ. ಚಟ್ಟ.”

ಹೋಮದ ಹೊಗೆ ಕೂಡ ಮೇಲೇರಲು ಹಿಂದೆಮುಂದೆ ನೋಡಿತು!

ಚಿನ್ಮಯಿ ಅಜ್ಜನ ಕೈ ತಟ್ಟಿ ಸಮಾಧಾನ ಹೇಳಿದಳು: “ಈಗಲ್ಲಜ್ಜಾ. ಬೇಕಾಗಬಹುದು ಅಂತ.” ಆಮೇಲೆ ಪುರೋಹಿತರ ಕಡೆ ತಿರುಗಿ, “ನಿಮ್ಮದೂ ತಗೊಂಡೀವ್ರಿ. ನೀವು ಕುಂತಿದ್ರಿ, ಅದಕ್ಕ ಅಂದಾಜು ಹಾಕೀವಿ” ಎಂದಳು.

ಪುರೋಹಿತರ ಕೈಯಿಂದ ತುಪ್ಪದ ಸೌಟು ಬಿತ್ತು.

ಆಮೇಲೆ ಎದ್ದ ಗದ್ದಲ ಹೇಳತೀರದು. “ಶಿವ ಶಿವಾ! ಇಂಥಾ ದಿನ ಇಂಥಾ ಮಾತಾ!” “ಯಾರ ಕಲಿಸಿದ್ರು ಹುಡುಗಿಗೆ?” ಚಿನ್ಮಯಿ ಬಹುಮಾನ ಘೋಷಿಸುವವಳ ಹಾಗೆ ಕೈ ಎತ್ತಿ ನನ್ನನ್ನು ತೋರಿಸಿದಳು. “ನಾಗಣ್ಣ ಅಂಕಲ್! ಸಬ್ ಅಂಕಲ್‌ದೇ ಪುಸ್ತಕ!”

ನಾನು ಶೋಭಾಳನ್ನು ನೋಡಿದೆ. ನೋಡಬಾರದಿತ್ತು. ಮೆಚ್ಚುಗೆಯಿಂದ ಅವಳ ಪಕ್ಕ ಕುಳಿತಿದ್ದ ಹೆಂಗಸರೆಲ್ಲ ಒಂದು ಮೊಳ ಆಚೆ ಸರಿದಿದ್ದರು. ಹಸಿರು ಸೀರೆ ಒಂಟಿಯಾಗಿ ಕುಳಿತಿತ್ತು. ಜ್ವರ ಬಂದಾಗಲೂ ಶಾಲೆ ತಪ್ಪಿಸದೆ, ನನ್ನಂಥ ಅಣ್ಣನಿದ್ದೂ ಮೇಲೆ ಬಂದ ಹುಡುಗಿ. ಅವಳು ಕೇಳಿದ್ದು ಒಂದೇ, ಇದ್ದದ್ದು ಇದ್ದ ಹಾಗೆ ಮಾತಾಡು ಎಂದು. ನನಗೆ ಅಷ್ಟೂ ಆಗಲಿಲ್ಲ. ಆ ಟೇಪಿನಿಂದ ಮೊದಲು ಅಳೆಯಬೇಕಾದದ್ದು ನನ್ನನ್ನೇ ಅನ್ನಿಸಿತು.

“ಆ ಪುಸ್ತಕ ತಗೊಂಬಾ,” ವಿರೂಪಾಕ್ಷಪ್ಪನವರು ಗುಡುಗಿದರು.

ಚಿನ್ಮಯಿ ಓಡಿ ತಂದಳು.

“ಓದು. ನೀನ ಓದು. ಏನ್ ಬರದಾರ ಅಂತ ಬಳಗ ಎಲ್ಲಾ ಕೇಳ್ಲಿ. ಇವರ ಮಾನಾ ಇಲ್ಲೇ ಹೋಗ್ಲಿ.”

ಚಿನ್ಮಯಿ ಹೋಮಕುಂಡದ ಪಕ್ಕ ನಿಂತು, ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಓದತೊಡಗಿದಳು. “ದೊಡ್ಡಪ್ಪನಿಗೆ ಉಪ್ಪಿನಕಾಯಿ ಎಂದರೆ ಪ್ರಾಣ. ಹಾಗಾಗಿ ಮನೆಯ ಭರಣಿಗಳನ್ನೆಲ್ಲ ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ದೊಡ್ಡಪ್ಪ ಏಣಿ ಹತ್ತಿದರು. ಏಣಿ ಗಟ್ಟಿಯಾಗಿತ್ತು. ಅಟ್ಟವೂ ಗಟ್ಟಿಯಾಗಿತ್ತು. ದೊಡ್ಡ ಭರಣಿಯ ಮುಚ್ಚಳ ಮಾತ್ರ ತೆರೆದಿತ್ತು. ಕೆಳಗೆ ಚಿಮಣಿ ಹಗ್ಗ ಸುತ್ತುತ್ತ ಕುಳಿತಿದ್ದಳು.”

ಎಲ್ಲೂ ತಡವರಿಸಲಿಲ್ಲ. ನಿಲ್ಲಬೇಕಾದಲ್ಲಿ ನಿಂತಳು. ದೊಡ್ಡಪ್ಪನಿಗೆ ದಪ್ಪ ದನಿ, ಚಿಮಣಿಗೆ ಸಣ್ಣ ದನಿ. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ಫುಸಕ್ಕೆಂದರು. ಹಾರ ಹಾಕಿಕೊಂಡ ಗಂಗಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು, “ಎಣ್ಣಿ ತುಂಬಿತ್ತಾ ಭರಣ್ಯಾಗ?” ಎಂದು ಕೇಳಿದರು.

ಪುರೋಹಿತರು ಮೆಲ್ಲಗೆ, “ಯಜಮಾನ್ರ, ಮುಹೂರ್ತ ಮೀರಾಕತ್ತೈತ್ರಿ” ಎಂದರು.

“ತಡೀರಿ!” ವಿರೂಪಾಕ್ಷಪ್ಪನವರು ಕೈ ಎತ್ತಿದರು. “ಮೊದಲ ಆ ಮುದುಕ ಸಾಯ್ಲಿ.”

ಇಡೀ ಮನೆ ಘೊಳ್ಳೆಂದಿತು! ಶಿವಪ್ಪನವರು ಗೋಡೆ ಹಿಡಿದು ನಕ್ಕರು. ವಿರೂಪಾಕ್ಷಪ್ಪನವರು ಮಾತ್ರ ನಗಲಿಲ್ಲ. ಶಲ್ಯದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. “ಕೇಳಿದ್ರೇನು? ಪೂರಾ ಪುಟ. ಒಂದ ಉಸರಿನಾಗ. ನಮ್ಮ ಹುಡುಗಿ!” ಎಂದು ಪಕ್ಕದವರನ್ನು ತಿವಿದರು. ಪಕ್ಕದವರು ಪುರೋಹಿತರಾಗಿದ್ದರು.

ನಾನು ಬದುಕಿದೆ ಅಂದುಕೊಂಡೆ. ಆಗ ಚಿನ್ಮಯಿ ಪುಸ್ತಕವನ್ನು ನನ್ನ ಕೈಗೆ ಇಟ್ಟಳು. “ಮುಂದಿನ ಪುಟ ಅಂಕಲ್ ಓದ್ಲಿ. ಅವ್ರು ಭಾಳ ಓದಿದವ್ರು.”

ನಾನು ಜೀವಮಾನದಲ್ಲಿ ಗಟ್ಟಿಯಾಗಿ ಓದಿದವನಲ್ಲ. ಕ್ಯಾಬಿನಲ್ಲಿ ನನ್ನ ಓದೆಲ್ಲ ಮೌನ; ಅಕ್ಷರದ ಕೆಳಗೆ ಬೆರಳು, ಒಂದೊಂದಾಗಿ. ಈಗಲೂ ಬೆರಳು ತಾನಾಗಿ ಪುಟದ ಮೇಲೆ ಹೋಯಿತು. “ದೊಡ್... ದೊಡ್ಡಪ್ಪ... ತೇ... ತೇಲು...”

“ತೇಲುತ್ತಿದ್ದರು, ಅಂಕಲ್,” ಎಂದಳು ಚಿನ್ಮಯಿ.

“ಹಾಂ. ತೇಲುತ್ತಿದ್ದರು. ಚಿ... ಚಿಮ...”

“ಬೆರಳ ಸರಸ್ರಿ ಅಂಕಲ್, ಅಕ್ಷರ ಮುಚ್ಚೇತಿ.”

ಶೋಭಾಳಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತಳು. “ಮಾವಾರ, ಕ್ಷಮಿಸ್ರಿ. ನಮ್ಮಣ್ಣ ಏಳನೇ ಕ್ಲಾಸ್ ಓದ್ಯಾನ. ಟ್ರಾನ್ಸ್‌ಪೋರ್ಟ್ ಅಂದ್ರ ನಮ್ಮ ಆಫೀಸಿನ ಕ್ಯಾಬ್. ಈ ಪುಸ್ತಕಾನೂ ಮಕ್ಕಳ ಸಲುವಾಗಿ ತಂದದ್ದಲ್ಲ, ತನ್ನ ಸಲುವಾಗಿ ತಗೊಂಡದ್ದು. ಸೂಟೂ ಇಲ್ಲ ಗೀಟೂ ಇಲ್ಲ. ಧೋತರ ಐತಿ, ಸೋಫಾದ ಹಿಂದ.”

ವಿರೂಪಾಕ್ಷಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಟೇಪು ಇಲ್ಲದೆಯೇ ಅಳೆದರು.

“ಕ್ಯಾಬ್ ವಿಷಯ ಪ್ರವೀಣ ಮೊದಲ ದಿನಾನ ಹೇಳ್ಯಾನವ್ವಾ,” ಎಂದರು. “ಇವ್ರು ಯಾವಾಗ ಹೇಳ್ತಾರ ಅಂತ ಕಾಯಾಕತ್ತಿದ್ದೆ. ಚಟ್ಟದ ತನಕಾ ಕಾಯಬೇಕಾಗತೈತಿ ಅಂತ ಗೊತ್ತಿರಲಿಲ್ಲ.” ಆಮೇಲೆ ಶೋಭಾಳ ಕಡೆಗೆ ತಿರುಗಿದರು. “ಇಷ್ಟು ಮಂದ್ಯಾಗ ಎದ್ದು ಖರೆ ಹೇಳೋ ಹುಡುಗಿ. ನಮಗ ಒಪ್ಪಿಗಿ. ಊಟ ಆದ ಮ್ಯಾಲ ಎಲಿ ಅಡಕಿ ಬದಲಾಯಿಸೋಣು. ಭಟ್ಟರ, ಮಂತ್ರ ಶುರು ಮಾಡ್ರಿ, ನಾ ಇನ್ನೂ ಇರಬೇಕಾಗೇತಿ. ಅವಳ ಹತ್ರ ಇನ್ನೂ ಪುಸ್ತಕ ಅದಾವ.”

ಮದುವೆ ಅದ್ದೂರಿಯಾಗಿಯೇ ಆಯಿತು. ಧಾರೆಯ ಹೊತ್ತಿಗೆ ಶೋಭಾ ನನ್ನ ಕಡೆ ನೋಡಿ ನಕ್ಕಳು, ಅಷ್ಟು ಸಾಕಾಗಿತ್ತು. ಆದರೆ ಮನುಷ್ಯನಿಗೆ ಸಾಕು ಎಂಬುದು ಎಲ್ಲಿದೆ? ವಧುವಿನ ಅಣ್ಣ ನಾನು, ಬೀಗರ ಪಂಕ್ತಿಯ ತಲೆಯಲ್ಲಿ ನನ್ನ ಎಲೆ ಹಾಕಿರುತ್ತಾರೆಂದು ಹೊಸ ಶರ್ಟಿನ ತೋಳು ಸರಿಮಾಡಿಕೊಂಡು ಊಟದ ಹಾಲಿಗೆ ನಡೆದೆ.

ವಿರೂಪಾಕ್ಷಪ್ಪನವರು ಬಾಗಿಲಲ್ಲೇ ಎದುರಾದರು. ಪ್ರೀತಿಯಿಂದ ನನ್ನ ಭುಜ ಹಿಡಿದು, ಬೀಗರ ಪಂಕ್ತಿ ದಾಟಿಸಿ, ಹಿರಿಯರ ಪಂಕ್ತಿ ದಾಟಿಸಿ, ಮೂಲೆಯ ಗಿಡ್ಡ ಬೆಂಚಿನ ಕಡೆಗೆ ಕರೆದೊಯ್ದರು. ಅಲ್ಲಿ ಚಿನ್ಮಯಿ ತನ್ನ ದಂಡಿನೊಡನೆ ಕುಳಿತಿದ್ದಳು.

“ನಿಮ್ಮ ವಾರಗಿಯವ್ರು ಇಲ್ಲೇ ಅದಾರ ನೋಡ್ರಿ,” ಎಂದು ನನ್ನನ್ನು ಕೂರಿಸಿ ಹೋದರು.

ಮಕ್ಕಳು ಹೋ ಎಂದು ಸರಿದು ಜಾಗ ಕೊಟ್ಟರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಬಡಿಸುವವನು ಬಂದು ನನ್ನ ಎಲೆಗೂ ಅರ್ಧ ಹೋಳಿಗೆ ಹಾಕಿದ.

“ಇನ್ನರ್ಧ ಹಾಕೋ ಮಾರಾಯಾ,” ಎಂದೆ.

ಅವನು ತಲೆ ಎತ್ತಿಯೂ ನೋಡಲಿಲ್ಲ.

“ಮೊದಲ ಎಲ್ಯಾಗಿಂದು ಮುಗಸು. ಆಮ್ಯಾಲ ನೋಡೋಣು.”